ಮೊದಲು ಬಡಿಸಿ, ಮೇಡಂ

ನಮ್ಮೂರಿನಲ್ಲಿ ಈಚೆಗೆ ಒಂದು ಛಾಯಾಚಿತ್ರ ಪ್ರದರ್ಶನ ನಡೆಯಿತು. ಶಾಲೆ ಬಿಟ್ಟ ಮೇಲೆ ನಾನೂ ಹೋಗಿದ್ದೆ. ಗೋಡೆಯ ತುಂಬ ಚಿತ್ರಗಳು. ನಾಟಿ ಮಾಡುವ ಹೆಂಗಸರು, ಸೌದೆ ಹೊರೆ ಹೊತ್ತ ಹೆಂಗಸರು, ಸುಕ್ಕುಗಟ್ಟಿದ ಮುಖದ ಅಜ್ಜಿಯರು, ಮೊಲೆಯೂಡಿಸುವ ತಾಯಂದಿರು. ನಾನು ಮೇಷ್ಟ್ರಗಿತ್ತಿ, ಹೆಸರು ಓದುವ ಚಟ ಬಿಡುವುದಿಲ್ಲ. ಪ್ರತಿ ಚಿತ್ರದ ಕೆಳಗೂ ತೆಗೆದವರ ಹೆಸರನ್ನು ಓದುತ್ತಾ ಹೋದೆ. ಒಂದೇ ಒಂದು ಹೆಣ್ಣಿನ ಹೆಸರು ಸಿಕ್ಕಿತು, ಅದೂ ರಂಗೋಲಿಯ ಚಿತ್ರದ ಕೆಳಗೆ.

ಉದ್ಘಾಟನೆಗೆ ಬಂದಿದ್ದ ಹಿರಿಯರೊಬ್ಬರು ಭಾಷಣ ಮಾಡಿದರು. ಒಳ್ಳೆಯ ಫೋಟೊ ಅನ್ನುವುದು ಅದೃಷ್ಟದ ಮಾತಂತೆ. ಅನಿರೀಕ್ಷಿತವಾಗಿ ಬರುವ ಒಂದು ಕ್ಷಣವನ್ನು ಹಿಡಿಯುವವನೇ ಕಲಾವಿದನಂತೆ. ಹೆಣ್ಣುಮಕ್ಕಳಿಗೆ ಮನೆ ಮಕ್ಕಳ ಗಮನ ಹೆಚ್ಚು, ಆ ಏಕಾಗ್ರತೆ ಸ್ವಲ್ಪ ಕಡಿಮೆಯಂತೆ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ರಾತ್ರಿ ಊಟ ಮುಗಿದು ಪಾತ್ರೆ ತೊಳೆಯುವಾಗ ಸಿಟ್ಟು ಬಂತು. ನಮಗೆ ಸಿಟ್ಟು ಬರುವುದು ಕೂಡ ಕೆಲಸವೆಲ್ಲ ಮುಗಿದ ಮೇಲೆಯೇ ನೋಡಿ.

ಏಕಾಗ್ರತೆ ಇಲ್ಲವೇ? ಹಾಲು ಉಕ್ಕುವ ಕ್ಷಣವನ್ನು ಹಿಡಿಯುವವರು ಯಾರು? ಅಂಬೆಗಾಲಿಡುವ ಮಗು ಮೆಟ್ಟಿಲಿನಿಂದ ಉರುಳುವ ಮೊದಲೇ ಹಾರಿಹೋಗಿ ಹಿಡಿಯುವವರು ಯಾರು? ನಲವತ್ತು ಮಕ್ಕಳ ತರಗತಿಯಲ್ಲಿ ಕರಿಹಲಗೆಗೆ ಮುಖ ಮಾಡಿ ಬರೆಯುತ್ತಿದ್ದರೂ ಹಿಂದಿನ ಬೆಂಚಿನಲ್ಲಿ ಯಾರ ಕೈ ಯಾರ ಜಡೆಗೆ ಹೋಯಿತು ಎಂದು ನನಗೆ ಗೊತ್ತಾಗುತ್ತದೆ. ಆಗಲಿರುವುದನ್ನು ಅದು ಆಗುವ ಅರೆಗಳಿಗೆ ಮೊದಲೇ ಕಾಣುವುದು ಹೆಂಗಸರಿಗೆ ವಿದ್ಯೆಯಲ್ಲ, ಅಭ್ಯಾಸ. ಫೋಟೊ ತೆಗೆಯುವವನಿಗೆ ಬೇಕಾದದ್ದೂ ಅದೇ. ಹಾಗಾದರೆ ನಮ್ಮಲ್ಲಿ ಇಲ್ಲದ್ದು ಏನು? ನಾನು ನೇರವಾಗಿ ಹೇಳುತ್ತೇನೆ. ಕಣ್ಣಿದೆ, ತಾಳ್ಮೆಯಿದೆ, ಈಗ ಎಲ್ಲರ ಕೈಯಲ್ಲೂ ಕ್ಯಾಮರಾ ಇದೆ. ಇಲ್ಲದ್ದು ನಿಲ್ಲುವ ಅನುಮತಿ. ಅನಿರೀಕ್ಷಿತ ಅವಕಾಶ ಎಲ್ಲರ ಮುಂದೆಯೂ ಸುಳಿಯುತ್ತದೆ. ಅದರ ಮುಂದೆ ಒಂದು ನಿಮಿಷ ನಿಲ್ಲಲು ಕೆಲವರಿಗೆ ಮಾತ್ರ ಬಿಡುತ್ತಾರೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಕವಲೇದುರ್ಗದಲ್ಲಿ.

1999ರ ಡಿಸೆಂಬರ್. ಶಾಲೆಯಿಂದ ಐವತ್ತೆರಡು ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೊರಟಿದ್ದೆವು. ನಾಲ್ವರು ಶಿಕ್ಷಕರು, ಅದರಲ್ಲಿ ಹೆಂಗಸರು ನಾವಿಬ್ಬರು. ಆಗ ನಾನು ಸಂಬಳ ಉಳಿಸಿ ಒಂದು ಕೊಡಕ್ ಕೆಬಿ-10 ಕ್ಯಾಮರಾ ಕೊಂಡಿದ್ದೆ. ಫೋಕಸ್ ತಿರುಗಿಸುವ ಗೋಜಿಲ್ಲ, ಒತ್ತಿದರೆ ಸಾಕು. ಮೂವತ್ತಾರು ಚಿತ್ರಗಳ ಒಂದು ರೀಲು. ತೆಗೆದದ್ದು ಹೇಗೆ ಬಂತೆಂದು ನೋಡಲು ರೀಲು ತುಂಬಬೇಕು, ಶಿವಮೊಗ್ಗದ ಸ್ಟುಡಿಯೋಕ್ಕೆ ಕೊಟ್ಟು ಕಾಯಬೇಕು. ಹಾಗಾಗಿ ಒಂದೊಂದು ಒತ್ತುವಿಕೆಗೂ ಲೆಕ್ಕ.

ತೀರ್ಥಹಳ್ಳಿ ತಾಲ್ಲೂಕಿನ ಈ ಕೋಟೆಯನ್ನು ನೋಡದವರಿಗೆ ಎರಡು ಮಾತು ಹೇಳುತ್ತೇನೆ. ಗದ್ದೆಯ ಅಂಚು ಹಿಡಿದು ನಡೆದು, ಕಾಡಿನೊಳಗೆ ಕಲ್ಲು ಹಾಸಿದ ದಾರಿಯಲ್ಲಿ ಏರಬೇಕು. ಒಂದರೊಳಗೆ ಒಂದು ಎನ್ನುವಂತೆ ಕೋಟೆಯ ಸುತ್ತುಗಳು, ಪ್ರತಿ ಸುತ್ತಿಗೂ ಹೆಬ್ಬಾಗಿಲು. ಭುವನಗಿರಿ ಎಂಬುದು ಇದರ ಹಳೆಯ ಹೆಸರು. ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಇದು ಗಟ್ಟಿಯಾದ ನೆಲೆಯಾಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಳ್ಳುವವರೆಗೂ ಕೆಳದಿಯವರ ಕೈಯಲ್ಲೇ ಇತ್ತು. ಒಳಗೆ ಹೋದರೆ ಕಾಶಿ ವಿಶ್ವನಾಥನ ಗುಡಿ, ಅದರ ಮುಂದೆ ಎರಡು ಎತ್ತರದ ಕಂಬಗಳು. ಮುಂದೆ ಅರಮನೆ ಇದ್ದ ಜಾಗ. ಗೋಡೆಯಿಲ್ಲ, ಮಾಡಿಲ್ಲ, ಅಡಿಪಾಯ ಮಾತ್ರ ಇದೆ. ಇನ್ನೂ ಮೇಲೆ ಹತ್ತಿದರೆ ಶಿಖರದಲ್ಲಿ ಇನ್ನೊಂದು ಪುಟ್ಟ ಗುಡಿ.

ಅರಮನೆಯಲ್ಲಿ ಮರ ಹೋಗಿದೆ, ಹೆಂಚು ಹೋಗಿದೆ, ಸಿಂಹಾಸನ ಇಲ್ಲವೇ ಇಲ್ಲ. ಉಳಿದಿರುವುದರಲ್ಲಿ ಜನ ಮುಗಿಬಿದ್ದು ನೋಡುವುದು ಯಾವುದನ್ನು ಗೊತ್ತೆ? ಅಡಿಗೆಮನೆಯ ಕಲ್ಲಿನ ಒಲೆಯನ್ನು! ರಾಜ್ಯ ಅಳಿದರೂ ಒಲೆ ಅಳಿಯಲಿಲ್ಲ. ನಾನು ಆವತ್ತು ಇದನ್ನು ಕಂಡು ನಕ್ಕೆ. ಈಗ ನಗು ಬರುವುದಿಲ್ಲ.

ಬೆಳಗಿನಿಂದ ಮಂಜು ಕವಿದಿತ್ತು. ಮಧ್ಯಾಹ್ನದ ಹೊತ್ತಿಗೆ ಗುಡಿಯ ಮುಂದೆ ಮಕ್ಕಳನ್ನು ಸಾಲಾಗಿ ಕೂರಿಸಿ ಚಿತ್ರಾನ್ನ ಬಡಿಸಲು ಶುರುಮಾಡಿದೆವು. ಬಡಿಸುತ್ತಿದ್ದವರು ನಾವಿಬ್ಬರು ಹೆಂಗಸರು ಎಂದು ಬೇರೆ ಹೇಳಬೇಕಾಗಿಲ್ಲ. ಸೌಟು ಕೈಯಲ್ಲಿದ್ದಾಗ ತಲೆಯೆತ್ತಿದೆ. ಕೆಳಗಿನ ಊರಿನವಳಿರಬೇಕು, ಒಬ್ಬಳು ಹೆಂಗಸು ಸೊಪ್ಪಿನ ಹೊರೆ ಹೊತ್ತು ಮಂಜಿನೊಳಗಿಂದ ಮೇಲೆ ಬಂದಳು. ಎರಡು ಕಂಬಗಳ ನಡುವೆ ಬಂದು ನಿಂತಳು, ಹೊರೆ ಇಳಿಸದೆ ಹಾಗೆಯೇ ನಮ್ಮ ಮಕ್ಕಳನ್ನು ನೋಡಿದಳು. ಆಗಲೇ ಅವಳ ಹಿಂದೆ ಮಂಜು ಹರಿಯಿತು. ಬಿಸಿಲು ಒಮ್ಮೆಲೇ ಸುರಿದು, ಹೊರೆಯ ಎಲೆಯೆಲೆಯೂ ಬೆಳಗಿ, ಅವಳು ಕಂಬಗಳ ಜೊತೆಗೆ ಮೂರನೆಯ ಕಂಬದ ಹಾಗೆ ಕಂಡಳು. ಹಿಂದೆ ಕಣಿವೆ, ಆಚೆ ನೀಲಿ ಗುಡ್ಡಗಳು.

ನಾನು ಸೌಟು ಕೆಳಗಿಟ್ಟೆ. ಕ್ಯಾಮರಾ ಚೀಲದಲ್ಲಿತ್ತು, ಚೀಲ ನಾಲ್ಕು ಹೆಜ್ಜೆ ಆಚೆಗಿತ್ತು. ಕಲ್ಲಿನ ಮೇಲೆ ಕೂತು ವೀಳ್ಯ ಹಾಕಿಕೊಳ್ಳುತ್ತಿದ್ದ ನಮ್ಮ ಹಿರಿಯ ಶಿಕ್ಷಕರು, "ಮೊದಲು ಬಡಿಸಿ, ಮೇಡಂ. ಮಕ್ಕಳು ಹಸಿದಿವೆ" ಅಂದರು. ಗದರಿದ್ದಲ್ಲ, ಸಹಜವಾಗಿಯೇ ಅಂದರು. ಅವರ ಎರಡು ಕೈಯೂ ಖಾಲಿಯಿದ್ದವು ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಸೌಟು ತೆಗೆದುಕೊಂಡೆ. ಮತ್ತೆ ತಲೆಯೆತ್ತಿದಾಗ ಮಂಜು ಮುಚ್ಚಿತ್ತು, ಅವಳು ಹೋಗಿದ್ದಳು.

ರೀಲು ತೊಳೆಸಿ ಬಂದಾಗ ಮೂವತ್ತಾರರಲ್ಲಿ ಮೂವತ್ತನಾಲ್ಕು ಚೆನ್ನಾಗಿ ಬಂದಿದ್ದವು. ಹೆಬ್ಬಾಗಿಲ ಮುಂದೆ ಮಕ್ಕಳು, ಕೊಳದ ಮುಂದೆ ಮಕ್ಕಳು, ಒಲೆಯ ಮುಂದೆ ಮಕ್ಕಳು. ಒಂದರಲ್ಲೂ ಉಸಿರಿರಲಿಲ್ಲ. ತೆಗೆಯದೆ ಹೋದ ಆ ಚಿತ್ರವೇ ಇಪ್ಪತ್ತೈದು ವರ್ಷದಿಂದ ನನ್ನ ಕಣ್ಣಲ್ಲಿ ಕೂತಿದೆ.

ಇದು ನನ್ನೊಬ್ಬಳ ಪುಕ್ಕಲುತನ ಎನ್ನುವವರಿಗೆ ಹೋಮಾಯಿ ವ್ಯಾರಾವಾಲಾ ಅವರ ಕತೆ ಹೇಳುತ್ತೇನೆ. 1913ರಲ್ಲಿ ಹುಟ್ಟಿದ ಅವರು ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಆರಂಭದಲ್ಲಿ ಅವರು ತೆಗೆದ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಸೀರೆಯುಟ್ಟು, ಭಾರದ ಕ್ಯಾಮರಾ ಹೊತ್ತು ದಿಲ್ಲಿಯ ದೊಡ್ಡ ದೊಡ್ಡವರ ಮುಂದೆ ಓಡಾಡಿದವರು. ಸ್ವಾತಂತ್ರ್ಯದ ದಿನಗಳ ಅವರ ಚಿತ್ರಗಳನ್ನು ನಾವೆಲ್ಲ ಪಠ್ಯಪುಸ್ತಕದಲ್ಲೋ ಪತ್ರಿಕೆಯಲ್ಲೋ ನೋಡಿಯೇ ಇರುತ್ತೇವೆ, ತೆಗೆದವರು ಒಬ್ಬ ಹೆಂಗಸು ಎಂದು ತಿಳಿಯದೆ. 1948ರ ಜನವರಿ 30ರಂದು ಅವರು ಗಾಂಧೀಜಿಯ ಪ್ರಾರ್ಥನಾ ಸಭೆಗೆ ಹೊರಟಿದ್ದರು. ಪತಿ ವಾಪಸು ಕರೆದರು, ಹಿಂತಿರುಗಿದರು. ಆ ಸಂಜೆ ಏನಾಯಿತೆಂದು ಪ್ರಪಂಚಕ್ಕೇ ಗೊತ್ತು. ತಾನು ಅಲ್ಲಿರಲಿಲ್ಲವಲ್ಲ ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. 2011ರಲ್ಲಿ ಪದ್ಮವಿಭೂಷಣ ಬಂತು, ಮರುವರ್ಷ ತೀರಿಕೊಂಡರು. ಕರೆದ ಗಂಡ ಕೆಟ್ಟವರಲ್ಲ, ಅವರು ಹೆಂಡತಿಯ ಕೆಲಸಕ್ಕೆ ಜೊತೆಯಾಗಿದ್ದವರೇ. ನನ್ನ ಮಾತು ಅದಲ್ಲ. ದೇಶದಲ್ಲೇ ಹೆಸರಾಗಲಿದ್ದ ಛಾಯಾಗ್ರಾಹಕಿಯೂ ಕರೆದರೆ ಹಿಂತಿರುಗುತ್ತಾಳೆ ಎಂದರೆ, ಸೌಟು ಹಿಡಿದ ನಾನು ಯಾವ ಲೆಕ್ಕ?

ಇದರ ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸುತ್ತೇನೆ. ಅಮೆರಿಕದ ಡೊರೊಥಿಯಾ ಲ್ಯಾಂಗ್. 1936ರ ಮಾರ್ಚ್ ತಿಂಗಳು, ಸರ್ಕಾರದ ಕೆಲಸಕ್ಕಾಗಿ ವಾರಗಟ್ಟಲೆ ತಿರುಗಿ, ಸುಸ್ತಾಗಿ, ಮಳೆಯಲ್ಲಿ ಕಾರು ನಡೆಸಿಕೊಂಡು ಮನೆಗೆ ಹೊರಟಿದ್ದಳು. ಬಟಾಣಿ ಕೀಳುವ ಕೂಲಿಗಳ ಬೀಡು ಎಂಬ ಫಲಕವೊಂದು ದಾರಿಯಲ್ಲಿ ಕಂಡಿತು. ದಾಟಿಕೊಂಡು ಹೋದಳು. ಬೇಕಾದಷ್ಟು ಚಿತ್ರಗಳಾಗಿವೆ, ಮನೆ ಸೇರೋಣ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಇಪ್ಪತ್ತು ಮೈಲಿ ಹೋದಳು. ಆಮೇಲೆ ಕಾರು ತಿರುಗಿಸಿದಳು. ಮಕ್ಕಳನ್ನು ಮಗ್ಗುಲಿಗೆ ಒತ್ತಿಕೊಂಡು ಕೂತ ಆ ತಾಯಿಯ ಚಿತ್ರ ಸಿಕ್ಕಿದ್ದು ಹಾಗೆ. ಬರಗಾಲದ ಆ ದಶಕ ಎಂದರೆ ಇಂದಿಗೂ ಜನ ನೆನೆಯುವುದು ಅದೇ ಮುಖವನ್ನು. ಎಲ್ಲರೂ ಅದನ್ನು ಅದೃಷ್ಟ ಎನ್ನುತ್ತಾರೆ. ನಾನು ಹೇಳುತ್ತೇನೆ, ಅದು ಸ್ಟಿಯರಿಂಗ್. ಕಾರು ಅವಳ ಕೈಯಲ್ಲಿತ್ತು. ಪಕ್ಕದಲ್ಲಿ ಕೂತು "ಈಗೆಂಥ ವಾಪಸು ಹೋಗೋದು, ಕತ್ತಲಾಗ್ತದೆ" ಎನ್ನುವವರು ಇರಲಿಲ್ಲ.

ನಮ್ಮ ಜಿಲ್ಲೆಯವರೇ ಆದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಎಂಥ ಚೆಂದದ ಚಿತ್ರಗಳನ್ನು ತೆಗೆದರು! ಅವರ ಬಗ್ಗೆ ನನಗಿರುವ ಗೌರವ ಅಷ್ಟಿಷ್ಟಲ್ಲ. ಹಕ್ಕಿಯ ಚಿತ್ರ ಬೇಕೆಂದರೆ ಕಾಯಬೇಕು. ಪೊದೆಯ ಮರೆಯಲ್ಲಿ ಅಲುಗಾಡದೆ ಕೂರಬೇಕು. ಈಗ ಯೋಚಿಸಿ ನೋಡಿ, ನಮ್ಮ ನಿಮ್ಮಂಥ ಒಬ್ಬ ಗೃಹಿಣಿ ಒಂದು ಹಕ್ಕಿಗಾಗಿ ಮೂರು ಗಂಟೆ ಪೊದೆಯ ಹಿಂದೆ ಕೂತರೆ ಊರು ಏನನ್ನುತ್ತದೆ? ಗಂಡಸು ಕೂತರೆ ಹವ್ಯಾಸ, ಹೆಂಗಸು ಕೂತರೆ ತಲೆ ಸರಿಯಿಲ್ಲ.

ಇಷ್ಟು ಹೊತ್ತು ಬೇರೆಯವರನ್ನು ಬೈದೆ. ಇನ್ನು ನಮ್ಮ ಪಾಲಿನ ತಪ್ಪಿಗೆ ಬರುತ್ತೇನೆ. ಅದು ಸಣ್ಣದಲ್ಲ.

ನನ್ನ ಅಮ್ಮ ಮಲೆನಾಡಿನ ಮನೆಯೊಂದರಲ್ಲಿ ಅರವತ್ತು ವರ್ಷ ಬಾಳಿದವಳು. ಅವಳ ಫೋಟೊ ಎಂದು ಇದ್ದದ್ದು ಮದುವೆಯದೊಂದು, ರೇಷನ್ ಕಾರ್ಡಿನದೊಂದು. 2008ರ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದೆ. ಅಂಗಳದಲ್ಲಿ ಹಪ್ಪಳ ಒಣಹಾಕುತ್ತಾ ಕೂತಿದ್ದಳು. ಕರು ಹಗ್ಗ ಬಿಚ್ಚಿಕೊಂಡು ಬಂದು ಹಪ್ಪಳದ ಚಾಪೆಯ ಮೇಲೆಯೇ ನಿಂತುಬಿಟ್ಟಿತು. ಅಮ್ಮ ಕೋಲು ಎತ್ತಿದವಳು ಹೊಡೆಯಲಾರದೆ ನಗಲು ಶುರುಮಾಡಿದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಸೆರಗು ಎಲ್ಲೋ ಇತ್ತು, ಕೈಯೆಲ್ಲ ಹಿಟ್ಟು. ಹಾಗೆ ನಕ್ಕಿದ್ದನ್ನು ನಾನು ಚಿಕ್ಕವಳಿದ್ದಾಗ ಕಂಡದ್ದು. ಈ ಸಲ ಕ್ಯಾಮರಾ ಕೈಯಲ್ಲೇ ಇತ್ತು. ಎತ್ತಿದೆ. "ಅಯ್ಯೋ ತಡಿಯೇ ಮಾರಾಯ್ತಿ, ಈ ಅವತಾರದಲ್ಲಿ ಬೇಡ" ಎಂದು ಒಳಗೆ ಓಡಿದಳು. ನಾನು ಒತ್ತಬಹುದಿತ್ತು, ಒಂದು ಕ್ಷಣವಿತ್ತು. ಅಮ್ಮ ಬೇಡವೆಂದಳಲ್ಲ ಎಂದು ತಡೆದೆ. ಅವಳು ಮುಖ ತೊಳೆದು, ಕುಂಕುಮ ಇಟ್ಟು, ಜರಿಯಂಚಿನ ಸೀರೆ ಉಟ್ಟು ಬಂದು ಕುರ್ಚಿಯ ಮೇಲೆ ಕಲ್ಲಿನಂತೆ ಕೂತಳು. ಆ ಕಲ್ಲನ್ನು ತೆಗೆದೆ.

ಮರುವರ್ಷ ಅಮ್ಮ ಹೋದಳು. ಹಾರ ಹಾಕಿ ಗೋಡೆಗೆ ತೂಗುಹಾಕಿರುವುದು ಆ ಚಿತ್ರವನ್ನೇ. ಅವಳನ್ನು ನೋಡದ ನನ್ನ ತಂಗಿಯ ಮೊಮ್ಮಗಳು ಒಂದು ದಿನ, "ಈ ಅಜ್ಜಿ ಯಾವಾಗಲೂ ಸಿಟ್ಟಿನಲ್ಲಿ ಇರ್ತಿದ್ರಾ?" ಎಂದು ಕೇಳಿತು. ಇಲ್ಲ ಪುಟ್ಟಾ ಎಂದೆ. ಆದರೆ ತೋರಿಸಲು ನನ್ನ ಹತ್ತಿರ ಏನಿದೆ?

ನಮಗೆ ಕಲಿಸಿದ್ದೇ ಹಾಗೆ. ಹೆಂಗಸು ಚಿತ್ರದೊಳಗೆ ಬರಬೇಕಾದರೆ ಸಿಂಗರಿಸಿಕೊಂಡಿರಬೇಕು, ಸೆರಗು ಸರಿಯಿರಬೇಕು, ಹಲ್ಲು ಕಾಣಬಾರದು. ನಾವು ಬದುಕುವುದು ಹಿಟ್ಟಿನ ಕೈಯಲ್ಲಿ, ಚಿತ್ರವಾಗುವುದು ಜರಿಯಂಚಿನಲ್ಲಿ. ಹೀಗಾಗಿ ನಮ್ಮ ಅಜ್ಜಿಯರ, ಅಮ್ಮಂದಿರ ನಿಜವಾದ ಮುಖ ಒಂದೂ ಉಳಿದಿಲ್ಲ. ನಾವೇ ನಮ್ಮ ಮಕ್ಕಳಿಗೆ "ಬೇಡ, ಬೇಡ, ಕೂದಲು ಕೆದರಿದೆ" ಎನ್ನುತ್ತಾ ಬಂದಿದ್ದೇವೆ. ಮುಂದೆ ಅವರಿಗೂ ಕಲ್ಲಿನ ಚಿತ್ರವೇ ಸಿಗುತ್ತದೆ.

ಈಗ ಕಾಲ ಬದಲಾಗಿದೆ, ಎಲ್ಲ ಹೆಂಗಸರ ಕೈಯಲ್ಲೂ ಮೊಬೈಲ್ ಇದೆ, ದಿನಕ್ಕೆ ನೂರು ಫೋಟೊ ತೆಗೆಯುತ್ತಾರೆ ಎಂದು ನೀವು ಹೇಳಬಹುದು. ತೆಗೆಯುವುದು ಏನನ್ನು? ಹುಟ್ಟುಹಬ್ಬದ ಕೇಕು, ಹಬ್ಬದ ಎಲೆ, ಹೊಸ ಸೀರೆ. ಬೇರೆಯವರಿಗೆ ತೋರಿಸಬೇಕಾದದ್ದನ್ನು ತೆಗೆಯುತ್ತೇವೆ, ನಮಗೆ ಕಂಡದ್ದನ್ನಲ್ಲ. ಕಾಣುವ ಹೊತ್ತಿಗೆ ಶುಭೋದಯದ ಗುಲಾಬಿ ಹೂಗಳಿಂದ ಮೊಬೈಲು ತುಂಬಿ, ಜಾಗವಿಲ್ಲ ಎನ್ನುತ್ತದೆ. ಪ್ರವಾಸಕ್ಕೆ ಹೋದ ಸಂಸಾರವನ್ನು ಗಮನಿಸಿ. ಗಂಡ ಬಂಡೆಯ ತುದಿಗೆ ಹೋಗಿ ಸೂರ್ಯಾಸ್ತ ತೆಗೆಯುತ್ತಾನೆ. ಹೆಂಡತಿ ಎರಡು ಚೀಲ, ಒಂದು ನೀರಿನ ಬಾಟಲಿ, ಮಗುವಿನ ಚಪ್ಪಲಿ ಹಿಡಿದು ನಿಂತಿರುತ್ತಾಳೆ. ಆಗುಂಬೆಯಲ್ಲಿ ಸೂರ್ಯ ಮೋಡದಿಂದ ಹೊರಗೆ ಬರುವುದು ಎಂದೋ ಒಮ್ಮೆ, ಅದೂ ಎರಡು ನಿಮಿಷ. ಆ ಎರಡು ನಿಮಿಷ ಚೀಲ ಹಿಡಿಯುವವರು ಯಾರು ಎಂಬುದೇ ಪ್ರಶ್ನೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ನನ್ನ ವಾದ ಕುಂಟುತ್ತದೆ. ಕಂಡದ್ದನ್ನೆಲ್ಲ ಹಿಡಿಯುವುದು ಹಕ್ಕಲ್ಲ. ಲ್ಯಾಂಗ್ ತೆಗೆದ ಚಿತ್ರದ ಆ ತಾಯಿ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ನಲವತ್ತು ವರ್ಷಗಳ ನಂತರ ಬಾಯಿಬಿಟ್ಟು ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು ಎಂದಳು. ಪ್ರಪಂಚ ಅವಳ ಮುಖ ನೋಡಿ ಮರುಗಿತು, ಅವಳಿಗೆ ಅದರಿಂದ ಬಿಡಿಕಾಸೂ ಬರಲಿಲ್ಲ. ಲ್ಯಾಂಗ್ ಅವಳ ಹೆಸರನ್ನೂ ಕೇಳಿರಲಿಲ್ಲ. ನಮ್ಮಲ್ಲಿ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರನ್ನು ರಸ್ತೆಯಿಂದಲೇ ಚಕಚಕನೆ ತೆಗೆದು, ಕಾರು ಹತ್ತಿ ಹೋಗುವವರಿದ್ದಾರೆ. ಪ್ರದರ್ಶನದಲ್ಲಿ ನಾನು ಕಂಡ ಅಜ್ಜಿಯರ ಮುಖಗಳ ಕೆಳಗೆ ಒಂದು ಹೆಸರೂ ಇರಲಿಲ್ಲ, ತೆಗೆದವರ ಹೆಸರಿತ್ತು. ಸೊಪ್ಪಿನ ಹೊರೆಯವಳನ್ನು ಆವತ್ತು ನಾನು ತೆಗೆದಿದ್ದರೆ ಅವಳ ಹೆಸರು ಕೇಳುತ್ತಿದ್ದೆನೇ? ಈಗ ಕೇಳುತ್ತಿದ್ದೆ ಎನ್ನಬಲ್ಲೆ. ಆಗಿನ ಮಾತು ಹೇಳಲಾರೆ. ಕ್ಷಣವನ್ನು ಹಿಡಿಯುವಾಗ ಕೇಳಲು ಹೊತ್ತಿರುವುದಿಲ್ಲ, ನಿಜ. ಹಿಡಿದ ಮೇಲೆ ಹತ್ತಿರ ಹೋಗಿ, ತೋರಿಸಿ, ಬೇಡವೆಂದರೆ ಅಳಿಸಲು ಹೊತ್ತಿರುತ್ತದೆ. ಅಮ್ಮನ ವಿಷಯದಲ್ಲೂ ನಾನು ಮಾಡಬೇಕಾಗಿದ್ದುದು ಅದನ್ನೇ.

2022ರ ಅಕ್ಟೋಬರಿನಲ್ಲಿ ಮತ್ತೆ ಕವಲೇದುರ್ಗಕ್ಕೆ ಹೋದೆ. ಈ ಸಲ ಮಕ್ಕಳಿಲ್ಲ, ಗಂಡಸರಿಲ್ಲ. ನಾವು ನಾಲ್ವರು ಶಿಕ್ಷಕಿಯರು, ಅದರಲ್ಲಿ ಒಬ್ಬರು ನಿವೃತ್ತರು. ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಂಡೆವು. ಯಾರಾದರೂ ನಿಂತರೆ ಉಳಿದವರು ಬಾಯಿಮುಚ್ಚಿ ನಿಲ್ಲಬೇಕು, "ಎಂಥ ಮಾಡ್ತಿ ಅಲ್ಲಿ" ಎನ್ನಬಾರದು. ಊಟ ಬುತ್ತಿಯಲ್ಲಿತ್ತು, ಅವರವರ ಬುತ್ತಿ ಅವರವರಿಗೆ.

ಅರಮನೆಯ ಜಗಲಿಯ ಹತ್ತಿರ ಬಂದಾಗ ಮಳೆ ಹಿಡಿಯಿತು. ಉಳಿದವರು ಮರದ ಕಡೆ ಓಡಿದರು. ನಿವೃತ್ತ ಟೀಚರಿಗೆ ಮಂಡಿನೋವು, ಓಡಲಾರರು. ಅವರು ಕೊಡೆಯನ್ನೂ ಬಿಚ್ಚದೆ ಆ ಕಲ್ಲಿನ ಒಲೆಯ ಪಕ್ಕದಲ್ಲೇ ಕಾಲು ನೀಡಿ ಕೂತುಬಿಟ್ಟರು. ಮುಖವನ್ನು ಮಳೆಗೆ ಒಡ್ಡಿ ಕಣ್ಣುಮುಚ್ಚಿ ನಗುತ್ತಿದ್ದರು. ನಲವತ್ತು ವರ್ಷ ಸಂಸಾರ ಮಾಡಿ, ಮೂವತ್ತೈದು ವರ್ಷ ಪಾಠ ಹೇಳಿದ ಹೆಂಗಸು, ಆರಿದ ಒಲೆಯ ಪಕ್ಕದಲ್ಲಿ ಯಾರಿಗೂ ಏನೂ ಬಡಿಸಬೇಕಾಗಿಲ್ಲದೆ ಕೂತಿದ್ದರು. ನಾನು ನಿಂತೆ, ಸೆರಗಿನಿಂದ ಮೊಬೈಲಿನ ಕಣ್ಣು ಒರೆಸಿದೆ, ಒತ್ತಿದೆ. ಯಾರೂ ಕರೆಯಲಿಲ್ಲ.

ಚಿತ್ರ ಸ್ವಲ್ಪ ಅಲುಗಿದೆ, ಮಳೆಯ ಹನಿಯೊಂದು ಅಂಚಿಗೆ ಬಿದ್ದಿದೆ. ಪ್ರದರ್ಶನಕ್ಕೆ ಕೊಟ್ಟರೆ ಆರಿಸುವುದಿಲ್ಲ. ಅಲ್ಲೇ ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಇದು ನಾನೇನೇ?" ಅಂದರು. ಅಳಿಸು ಎನ್ನಲಿಲ್ಲ. ಮನೆಯಲ್ಲಿ ಮಗ, ಇದೆಂಥ ಅವತಾರ, ಯಾರಿಗೂ ತೋರಿಸಬೇಡ ಅಂದನಂತೆ. ಟೀಚರು ಅದರ ಪ್ರತಿ ತೆಗೆಸಿ ಹಾಲ್‌ನಲ್ಲಿ ಹಾಕಲಿಲ್ಲ, ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿಕೊಂಡಿದ್ದಾರೆ. ಸೀರೆ ತೆಗೆಯುವಾಗಲೆಲ್ಲ ನೋಡುತ್ತಾರಂತೆ. ಅದು ಹಾಲ್‌ಗೆ ಬರುವ ದಿನವೂ ಬರಲಿ ಎನ್ನುವುದು ನನ್ನ ಆಸೆ.

ಈ ಕೋಟೆಯನ್ನು ಆಳಿದ ಕೆಳದಿ ಚೆನ್ನಮ್ಮ 1671ರಿಂದ ಸುಮಾರು ಕಾಲು ಶತಮಾನ ರಾಜ್ಯಭಾರ ಮಾಡಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಜಿಂಜಿಯತ್ತ ತಪ್ಪಿಸಿಕೊಂಡು ಹೋಗುತ್ತಾ ಆಶ್ರಯ ಕೇಳಿಕೊಂಡು ಬಂದ. ಔರಂಗಜೇಬನ ಸಿಟ್ಟಿಗೆ ಗುರಿಯಾಗುವುದು ಗೊತ್ತಿದ್ದೂ ಚೆನ್ನಮ್ಮ ಇಲ್ಲ ಎನ್ನಲಿಲ್ಲ. ಆ ಗಳಿಗೆಗೆ ನಿರ್ಧಾರ ಅವಳ ಕೈಯಲ್ಲಿತ್ತು. ಮಕ್ಕಳಿಗೆ ಈ ಪಾಠವನ್ನು ಪ್ರತಿ ವರ್ಷ ಹೇಳುತ್ತೇನೆ. ರಾಜ್ಯದ ವಿಷಯ ದೊಡ್ಡದು, ಫೋಟೊದ ವಿಷಯ ಸಣ್ಣದು ಎಂದು ನಗಬೇಡಿ. ಒಂದು ಸಣ್ಣ ನಿಮಿಷದ ಮೇಲೆ ಅಧಿಕಾರ ಇಲ್ಲದವಳಿಗೆ ದೊಡ್ಡದರ ಮೇಲೆ ಎಲ್ಲಿಂದ ಬಂದೀತು?

ಆದ್ದರಿಂದ ಭಾಷಣ ಮಾಡಿದ ಹಿರಿಯರಿಗೆ ನನ್ನ ಉತ್ತರ ಇಷ್ಟೇ. ಹೆಂಗಸರ ಏಕಾಗ್ರತೆಯನ್ನು ಅಳೆಯುವ ಮೊದಲು ಒಂದು ಸಲ ಅವರ ಕೈಯ ಚೀಲವನ್ನು ಹಿಡಿದುಕೊಳ್ಳಿ, ಸೌಟನ್ನು ತೆಗೆದುಕೊಳ್ಳಿ. ಆಮೇಲೆ ಗೋಡೆಯ ಮೇಲೆ ಯಾರ ಹೆಸರು ಬರುತ್ತದೆ ನೋಡೋಣ.

ನನ್ನ ಓರಗೆಯವರಿಗೆ ಹೇಳುವುದು ಬೇರೆ. ಗುಲಾಬಿ ಹೂಗಳನ್ನು ಅಳಿಸಿ ಮೊಬೈಲಿನಲ್ಲಿ ಜಾಗ ಮಾಡಿಕೊಳ್ಳಿ. ಒಗ್ಗರಣೆಯ ಕೈ ತಾಗಿ ಅದರ ಕಣ್ಣು ಮಸುಕಾಗಿರುತ್ತದೆ, ಒರೆಸಿ. ಬೀಗ ತೆಗೆಯದೆಯೇ ಕ್ಯಾಮರಾ ತೆರೆಯುವುದು ಹೇಗೆಂದು ಮಕ್ಕಳನ್ನು ಕೇಳಿ ಕಲಿಯಿರಿ. ಮಂಜಿನಲ್ಲಿ ಫ್ಲ್ಯಾಶ್ ಹಾಕಬೇಡಿ, ಬರೀ ಬಿಳಿ ಗೋಡೆ ಬರುತ್ತದೆ. ಅಮ್ಮನೋ ಅತ್ತೆಯೋ ನಗುತ್ತಿದ್ದರೆ ಸೀರೆ ಬದಲಿಸಲು ಕಳಿಸಬೇಡಿ. ನಿಮ್ಮನ್ನು ಯಾರಾದರೂ ತೆಗೆಯಲು ಬಂದರೆ ಒಳಗೆ ಓಡಬೇಡಿ. ಮುಂದಿನ ಸಲ ಕಣ್ಣಿಗೆ ಏನಾದರೂ ಬಿದ್ದು, ಹಿಂದಿನಿಂದ "ಮೊದಲು ಬಡಿಸಿ" ಎಂಬ ಮಾತು ಬಂದರೆ, ಬಡಿಸುವ ಸೌಟನ್ನು ಹೇಳಿದವರ ಕೈಗೇ ಕೊಡಿ. ಚಿತ್ರಾನ್ನ ಐದು ನಿಮಿಷ ತಡವಾದರೆ ಹಳಸುವುದಿಲ್ಲ.